ಕಿಟಕಿ ಸೀಟಿಗೆ ಬಿದ್ದ ಟವೆಲ್

ಹಬ್ಬದ ಗದ್ದಲದಲ್ಲಿ ವಿಮಾನ ಹತ್ತುವವರು ತಲೆಬಿಸಿ ಮಾಡಿಕೊಳ್ಳದಿರಲು ಏನು ಮಾಡಬೇಕೆಂದು ಪೇಪರಿನಲ್ಲಿ ಯಾರೋ ಪುಣ್ಯಾತ್ಮ ಬರೆದಿದ್ದ. ಬೇಗ ಹೋಗಿ, ಸಾಮಾನು ಕಡಿಮೆ ಒಯ್ಯಿರಿ, ದೀರ್ಘವಾಗಿ ಉಸಿರಾಡಿ. ಅವನು ನಮ್ಮಪ್ಪನ ಜೊತೆ ಒಮ್ಮೆಯೂ ಪ್ರಯಾಣ ಮಾಡಿರಲಿಕ್ಕಿಲ್ಲ.

ಆ ದೀಪಾವಳಿಗೆ ಅಪ್ಪ, ಅವ್ವ, ನಾನು ಹೈದರಾಬಾದಿನ ತಂಗಿಯ ಮನೆಗೆ ಹೊರಟಿದ್ದೆವು. ಜಮಖಂಡಿಯಿಂದ ನೇರ ಹೋಗುವ ಬಸ್ಸು ಬಿಟ್ಟು ಬೆಳಗಾವಿಗೆ ಹೋಗಿ ವಿಮಾನ ಹಿಡಿಯಲು ಕಾರಣ ಅವ್ವ. ಬೀಳಗಿ ಕಡೆಯ ಅವಳ ತವರೂರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ವಿಮಾನ ಅದರ ಮೇಲೇ ಹಾಯುತ್ತದೆಂದು ಯಾರೋ ಹೇಳಿದ್ದೇ ತಡ, "ಒಮ್ಮೆ ಮ್ಯಾಲಿಂದರ ನೋಡ್ತೀನಿ" ಎಂದು ಹಟ ಹಿಡಿದಳು.

ಅವಳಿಗೆ ಸಿಕ್ಕಿದ್ದು ದಾರಿ ಪಕ್ಕದ ಸೀಟು. "ಫುಲ್ ರಶ್ ಸರ್" ಎಂದಳು ಕೌಂಟರಿನ ಹುಡುಗಿ. ಅವ್ವನ ಮುಖ ಸಣ್ಣದಾಯಿತು.

"ನೀ ಸುಮ್ನಿರು. ನಾ ಅದೇನಿ," ಎಂದ ಅಪ್ಪ. ಹಬ್ಬದ ದಿನ ಮಹಾಲಿಂಗಪುರ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ಗಂಡಸು ಅವನು. ಟವೆಲ್ ಬಿದ್ದ ಸೀಟಿನಲ್ಲಿ ನಮ್ಮ ಕಡೆ ಫೌಜ್ದಾರನೂ ಕೂರುವುದಿಲ್ಲ.

ವಿಮಾನದ ಕಡೆ ಬಿಟ್ಟರೋ ಇಲ್ಲವೋ, ಅಪ್ಪ ಧೋತರ ಎತ್ತಿ ಕಟ್ಟಿ ಓಟ ಕಿತ್ತ. ತೆರೆದ ಕಿಟಕಿ ಒಂದೂ ಇಲ್ಲವೆಂದು ಖಾತ್ರಿಯಾದ ಮೇಲೆ "ಎಂಥಾ ಗಾಡಿಲೇ ಇದು!" ಎಂದು ಬೈಯುತ್ತ ಮೆಟ್ಟಿಲು ಹತ್ತಿದ. ನಾವು ಒಳಗೆ ಹೋಗುವಷ್ಟರಲ್ಲಿ ಅವ್ವನ ಪಕ್ಕದ ಕಿಟಕಿ ಸೀಟಿನಲ್ಲಿ ಟವೆಲ್ ಮಲಗಿತ್ತು. ಈ ಮನುಷ್ಯನಿಗೆ ನಾಚಿಕೆ ಅನ್ನುವುದೇ ಇಲ್ಲವೇ! ನಾನು ದೀರ್ಘವಾಗಿ ಉಸಿರಾಡಿದೆ, ಏನೂ ಉಪಯೋಗವಾಗಲಿಲ್ಲ.

ಆ ಸೀಟಿನ ಒಡೆಯರು, ಸಫಾರಿ ಸೂಟು ತೊಟ್ಟವರೊಬ್ಬರು, ಬಂದರು. ಪಾಸು ನೋಡಿದರು, ಟವೆಲ್ ನೋಡಿದರು.

"ಇದು ನಮ್ಮ ಸೀಟ್ ರೀ."

"ಟವೆಲ್ ಹಾಕೇವಲ್ರೀ!" ಎಂದ ಅಪ್ಪ.

ಗಗನಸಖಿ ಇಂಗ್ಲಿಷಿನಲ್ಲಿ ನಿಯಮ ಹೇಳತೊಡಗಿದಳು. ಸಫಾರಿಯವರು ಕೈಸನ್ನೆಯಿಂದ ಅವಳನ್ನು ತಡೆದು ಅಪ್ಪನನ್ನು ಕೇಳಿದರು. "ಯಾವೂರ್ರೀ ಯಜಮಾನ್ರ?"

"ಜಮಖಂಡಿ."

"ನಮ್ದು ಬನಹಟ್ಟಿ. ಟವೆಲ್ ಬಿದ್ದಮ್ಯಾಗ ಮಾತ ಮುಗೀತು. ಕುಂದರ್ರಿ ಅಕ್ಕಾರ," ಎಂದು ಅವ್ವನನ್ನು ಕಿಟಕಿಗೆ ಬಿಟ್ಟು, ತಾವು ಅವಳ ಸೀಟಿನಲ್ಲಿ ಕೂತರು. ಆಗ ಅಪ್ಪ ನನ್ನತ್ತ ನೋಡಿದ ನೋಟವನ್ನು ನಾನಿನ್ನೂ ಕ್ಷಮಿಸಿಲ್ಲ.

ಸ್ವಲ್ಪ ಹೊತ್ತಿಗೆ ಕೆಳಗೆ ಹಿನ್ನೀರು ಬಂತು. ಮಳೆಗಾಲ ಮುಗಿದು ತುಂಬಿ ನಿಂತಿತ್ತು. ಗುಡಿಯೋ ಊರಬಾಗಿಲ ಅಗಸಿಯೋ ಏನಾದರೂ ಕಂಡೀತೆಂದು ಅವ್ವ ಗಾಜಿಗೆ ಹಣೆ ಹಚ್ಚಿ ಹುಡುಕಿದಳು. ಹಿಂದಿನ ಸೀಟಿನಿಂದ ಅಪ್ಪನೂ ನಾನೂ ಅದೇ ಕಿಟಕಿಯತ್ತ ಕತ್ತು ಚಾಚಿದೆವು.

ಬನಹಟ್ಟಿಯವರು ಕಿಟಕಿಯತ್ತ ಬಗ್ಗಿದರು. "ಆಹಾ, ಏನ್ ಛಂದ ನೀರ್ರೀ!"

"ನೀರಲ್ರೀ ಅದು," ಅಂದಳು ಅವ್ವ. "ನಮ್ಮ ತವರಮನಿ."