ಹನುಮಂತನಪಟ್ಟಿಯ ಹಳ್ಳದಲ್ಲಿ ಕೇಳಿದ ದನಿ

ಯಾರೋ ಕೂಗಿದಂತಾಯಿತು, ತಿರುಗಿ ನೋಡಿದರೆ ಯಾರೂ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುತ್ತಿದ್ದದ್ದು, "ಹಿಂದಿನ ದಿನ ನಿದ್ದೆ ಸರಿಯಾಗಿ ಆಗಿತ್ತಾ?" ಎಂದು. ದಾವಣಗೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತು ವರ್ಷ ಆಪರೇಟರ್ ಆಗಿದ್ದವಳು ನಾನು. ನನ್ನ ಪಾಲಿಗೆ ದನಿ ಎಂದರೆ ತಂತಿಯ ಆ ತುದಿಯಲ್ಲಿ ಕೂತ ಒಬ್ಬ ಮನುಷ್ಯ. ಮನುಷ್ಯ ಇಲ್ಲವೆಂದಾದರೆ ಅದು ಲೈನಿನ ದೋಷ, ದೂರು ಬರೆದು ಕಳಿಸಬೇಕು, ಅಷ್ಟೇ. ರಾತ್ರಿ ಪಾಳಿಯಲ್ಲಿ ಜೊತೆಯವರು ದೆವ್ವದ ಕಥೆ ಹೇಳುವಾಗ ನಾನು ಎದ್ದು ಚಹಾ ಕುಡಿಯಲು ಹೋಗುತ್ತಿದ್ದೆ. ಹೆದರಿಕೆಯಿಂದಲ್ಲ, ಬೇಸರದಿಂದ.

ಹೀಗಾಗಿ ಈಗ ಬರೆಯುವುದನ್ನು ನೀವು ನಂಬಲೇಬೇಕೆಂದು ಒತ್ತಾಯಿಸುವ ಅಧಿಕಾರ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನನಗಾಗ ನಲವತ್ತಮೂರು. ಮದುವೆಯಾಗಿರಲಿಲ್ಲ. ದೀಪಾವಳಿ ಕಳೆದ ಮೇಲೆ ನಾನೂ ಅಕ್ಕನೂ ಮದುರೈಗೆ ಹೋಗುವುದೆಂದು ಆರು ತಿಂಗಳಿಂದ ಮಾತಾಡಿಕೊಂಡಿದ್ದೆವು. ಹೊರಡುವ ಹಿಂದಿನ ದಿನ ಅಕ್ಕನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅಕ್ಕ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, "ಟಿಕೆಟ್ ರದ್ದು ಮಾಡ್ಸು, ಮುಂದಿನ ವರ್ಷ ಹೋದ್ರಾಯ್ತು" ಎಂದಳು. ನನ್ನ ಬಾಯಿಂದ ಅದು ಹೇಗೆ ಬಂತೋ, "ನಿಂದಷ್ಟೇ ರದ್ದು ಮಾಡಿಸ್ತೀನಿ" ಎಂದೆ. ಅಲ್ಲಿಯವರೆಗೆ ನಾನು ಹುಬ್ಬಳ್ಳಿಗೂ ಒಬ್ಬಳೇ ಹೋದವಳಲ್ಲ.

ಒಂಟಿ ಪ್ರಯಾಣ ಚೆಂದ ಎಂದು ಹೇಳುವವರು ಅದರ ಸಣ್ಣ ಕಷ್ಟಗಳನ್ನು ಹೇಳುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಶೌಚಾಲಯಕ್ಕೆ ಹೋಗಬೇಕಾದರೆ ಬ್ಯಾಗನ್ನು ಯಾರ ಹತ್ತಿರ ಬಿಡುವುದು? ಹೋಟೆಲಿನಲ್ಲಿ ಒಬ್ಬ ಹೆಂಗಸು ಎಲೆಯ ಮುಂದೆ ಕೂತರೆ ಸುತ್ತಲಿನ ನಾಲ್ಕು ಮೇಜುಗಳ ಕಣ್ಣು ಅವಳ ಎಲೆಯ ಮೇಲೇ. ಮದುರೈಯ ದೇವಸ್ಥಾನದಲ್ಲಿ ಒಂದು ಕಂಬದ ಕೆತ್ತನೆ ನೋಡಿ "ಅಕ್ಕಾ, ಇಲ್ಲಿ ನೋಡೇ" ಎಂದು ತಿರುಗಿದೆ. ಪಕ್ಕದಲ್ಲಿ ಯಾರೋ ಗಂಡಸು ನಿಂತಿದ್ದ. ಆದರೆ ಅದೇ ಕಂಬದ ಮುಂದೆ ಒಂದು ಗಂಟೆ ಕೂತೆ. ಹಸಿವಾಯಿತು, ಹೊತ್ತಾಯಿತು, ಕಾಲು ನೋಯುತ್ತದೆ ಎಂದು ಎಬ್ಬಿಸುವವರು ಯಾರೂ ಇರಲಿಲ್ಲ. ಇಷ್ಟು ದಿನ ನಾನು ನೋಡಿದ್ದೆಲ್ಲಾ ಬೇರೆಯವರ ಅವಸರದಲ್ಲಿ ನೋಡಿದ್ದು ಎಂದು ಆ ದಿನ ಅನ್ನಿಸಿತು.

ಟ್ರಂಕ್ ಕಾಲಿನ ದಿನಗಳಲ್ಲಿ ಮದುರೈಯ ಆಪರೇಟರ್ ಬಾಯಲ್ಲಿ ತೇನಿ, ಬೋಡಿ, ಕಂಬಂ ಎಂಬ ಹೆಸರುಗಳನ್ನು ಕೇಳಿದ್ದೆ. ನೋಡಿಯೇ ಬಿಡೋಣ ಎಂದು ತೇನಿಗೆ ಬಂದೆ. ಅಲ್ಲಿಯ ಲಾಡ್ಜಿನ ಮ್ಯಾನೇಜರ್ ನನ್ನ ಹಿಂದೆ ಇಣುಕಿ ನೋಡಿ, "ಕೂಡ ಯಾರು?" ಎಂದು ತಮಿಳಿನಲ್ಲಿ ಕೇಳಿದ. ಯಾರೂ ಇಲ್ಲ ಎಂದೆ. ರೂಮಿಲ್ಲ ಎಂದ. ಇಲಾಖೆಯ ಗುರುತಿನ ಚೀಟಿ ತೋರಿಸಿ, ಅರ್ಧ ಗಂಟೆ ನಿಂತು, ಕೊನೆಗೆ ಅವನ ಮನೆಯವರು ಇರುವ ಹಿಂಭಾಗದಲ್ಲಿ ಒಂದು ಕೋಣೆ ಸಿಕ್ಕಿತು. ಬಾಗಿಲು ಹಾಕಿಕೊಂಡು ಅತ್ತೆ. ನಾಳೆ ಸಂಜೆ ಊರಿನ ದಾರಿ ಹಿಡಿಯುವುದೆಂದು ತೀರ್ಮಾನಿಸಿದೆ.

ಮಾರನೆಯ ಬೆಳಿಗ್ಗೆ, ಸಂಜೆಯವರೆಗೆ ಹೊತ್ತು ಕಳೆಯಬೇಕಲ್ಲ ಎಂದು ಕಂಬಂ ಕಡೆಯ ಬಸ್ಸು ಹತ್ತಿದೆ. ಎರಡೂ ಕಡೆ ಬೆಟ್ಟದ ಸಾಲು, ನಡುವೆ ಗದ್ದೆ, ಗದ್ದೆಯ ನಡುವೆ ತಲೆಯೆತ್ತರಕ್ಕೆ ಹಬ್ಬಿಸಿದ ದ್ರಾಕ್ಷಿಯ ಚಪ್ಪರಗಳು. ಹನುಮಂತನಪಟ್ಟಿ ಎಂದು ಕಂಡಕ್ಟರ್ ಕೂಗಿದಾಗ, ಹೆಸರು ನಮ್ಮೂರ ಕಡೆಯದಂತೆ ಇದೆಯಲ್ಲ ಎಂದು ಇಳಿದುಬಿಟ್ಟೆ. ಜೊತೆಗೆ ಯಾರಾದರೂ ಇದ್ದಿದ್ದರೆ ಇಳಿಯಲು ಒಂದು ಕಾರಣ ಕೊಡಬೇಕಾಗುತ್ತಿತ್ತು.

ತೋಟಗಳ ನಡುವಿನ ದಾರಿ ಹಿಡಿದು ಬೆಟ್ಟದ ಕಡೆಗೆ ನಡೆದೆ. ಚಪ್ಪರದ ಕೆಳಗೆ ನೆರಳು ಹಸಿರಾಗಿತ್ತು. ಒಂದು ಗಂಟೆಯ ಮೇಲೆ ನಡೆದಿರಬೇಕು. ತೋಟ ಮುಗಿದು ಕಲ್ಲುಬಂಡೆಗಳ ಹಳ್ಳವೊಂದು ಸಿಕ್ಕಿತು. ಪಾದ ಮುಳುಗುವಷ್ಟು ನೀರು, ತಿಳಿಯಾಗಿ, ತಣ್ಣಗೆ. ಚಪ್ಪಲಿ ದಂಡೆಯ ಅಂಚಿನಲ್ಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ನಡುವಿನ ಒಂದು ಚಪ್ಪಟೆ ಬಂಡೆಯ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟೆ. ಆಕಾಶದಲ್ಲಿ ಮೋಡವಿರಲಿಲ್ಲ. ದೂರದ ಬೆಟ್ಟದ ತಲೆ ಮಾತ್ರ ಕಪ್ಪಾಗಿತ್ತು. ನಾನು ಬಯಲುಸೀಮೆಯವಳು, ಅದರ ಅರ್ಥ ನನಗೆಲ್ಲಿ ಗೊತ್ತು?

ಅಲ್ಲಿ ಕೂತ ಹೊತ್ತನ್ನು ಹೇಗೆ ಹೇಳಲಿ. ನಾನು ಎಲ್ಲಿದ್ದೇನೆಂದು ಜಗತ್ತಿನಲ್ಲಿ ಒಬ್ಬರಿಗೂ ಗೊತ್ತಿಲ್ಲ ಎಂಬ ಯೋಚನೆ ಬಂತು. ಹಿಂದಿನ ರಾತ್ರಿ ಇದೇ ಯೋಚನೆಗೆ ಅತ್ತಿದ್ದೆ. ಈಗ ಅದೇ ಯೋಚನೆಗೆ ಎದೆ ಹಗುರವಾಯಿತು. ಕಣ್ಣು ಮುಚ್ಚಿಕೊಂಡೆ.

"ಏ, ಎದ್ದು ಬಾ! ಸೀಕ್ರ ಬಾ, ನೀರು ಬತ್ತಾ ಅದೆ!"

ಹೆಂಗಸಿನ ದನಿ. ವಯಸ್ಸಾದ ದನಿ. ನಡುವೆ ಒಂದು ಕಡೆ ಸೀಳಿ, ಮತ್ತೆ ಕೂಡಿಕೊಳ್ಳುತ್ತಿತ್ತು. "ಬಾ" ಎನ್ನುವುದನ್ನು ಎಳೆದು ಕೊನೆಯಲ್ಲಿ ಮೇಲಕ್ಕೆ ಎತ್ತಿತು. ಎಡಗಿವಿಯ ಕಡೆ, ನಾಲ್ಕು ಮಾರು ದೂರದಿಂದ ಬಂದಂತಿತ್ತು. ಅಭ್ಯಾಸಬಲದಿಂದ ಕೈಗಡಿಯಾರ ನೋಡಿದೆ. ಕರೆ ಬಂದ ಕೂಡಲೇ ಹೊತ್ತು ನೋಡುವುದು ನಮ್ಮ ಕೆಲಸದ ಚಾಳಿ. ಹನ್ನೆರಡು ನಲವತ್ತು. ಆಮೇಲೆ ಹೊಳೆಯಿತು, ಅದು ಕನ್ನಡ. ಈ ಊರಲ್ಲಿ ಕನ್ನಡದಲ್ಲಿ ಕೂಗಿದವರು ಯಾರು?

ಹೆದರಿ ಎದ್ದೆ ಎಂದರೆ ಸುಳ್ಳಾಗುತ್ತದೆ. ಯಾರೆಂದು ನೋಡುವ ಕುತೂಹಲಕ್ಕೆ ಎದ್ದೆ. ನೀರು ದಾಟಿ, ದಂಡೆಯ ಏರು ಹತ್ತಿ ಸುತ್ತ ನೋಡಿದೆ. ಜಾಲಿ ಗಿಡಗಳು, ಬಂಡೆಗಳು, ಬಿಸಿಲು. ಯಾರೂ ಇಲ್ಲ. "ಯಾರ್ರೀ ಅದು?" ಎಂದು ಕೂಗಿದೆ. ಆಗ ಬೆಟ್ಟದ ಕಡೆಯಿಂದ ಲಾರಿಯೊಂದು ಕಲ್ಲು ಸುರಿದಂಥ ಸದ್ದು ಬಂತು. ನಾನು ನೋಡುತ್ತಿದ್ದಂತೆಯೇ ಕೆಂಪು ನೀರು ಕೊಂಬೆ, ಎಲೆ, ನೊರೆ ಎಲ್ಲವನ್ನೂ ಹೊತ್ತು ತಿರುವಿನಲ್ಲಿ ಕಾಣಿಸಿಕೊಂಡಿತು. ನಾನು ಕೂತಿದ್ದ ಬಂಡೆ ಒಂದು ಕ್ಷಣ ಇತ್ತು, ಆಮೇಲೆ ಇರಲಿಲ್ಲ.

ದಂಡೆಯ ಮೇಲೆ ಅಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ತೋಟದ ಕಡೆಯಿಂದ ಒಬ್ಬ ಹೆಂಗಸು ಓಡಿಬಂದಳು. ಮೂವತ್ತೈದರ ಆಸುಪಾಸು, ತಲೆಗೆ ಟವೆಲು ಸುತ್ತಿದ್ದಳು. ತಮಿಳಿನಲ್ಲಿ ಏನೇನೋ ಬೈಯುತ್ತಾ ನನ್ನ ಭುಜ ಹಿಡಿದು ಅಲುಗಿಸಿದಳು. ನನ್ನ ಬಾಯಿಗೆ ಬಂದದ್ದು ಒಂದೇ ಮಾತು. "ಅಯ್ಯೋ, ನನ್ನ ಚಪ್ಪಲಿ ಹೋಯ್ತು!"

ಅವಳು ಬೈಗುಳ ನಿಲ್ಲಿಸಿ ನನ್ನ ಮುಖ ನೋಡಿದಳು. "ನಮ್ಮ ಮಾತು ಆಡ್ತೀಯಲ್ಲಕ್ಕಾ! ನೀ ಎಲ್ಲಿಂದ ಬಂದೆ?"

ಅವಳ ಹೆಸರು ಈಶ್ವರಿ. ಅವರ ಮನೆತನದವರು ಎಷ್ಟೋ ತಲೆಮಾರಿನ ಹಿಂದೆ ಕನ್ನಡ ನಾಡಿನಿಂದ ಬಂದು ಆ ಕಣಿವೆಯಲ್ಲಿ ಬೇಸಾಯಕ್ಕೆ ನಿಂತವರಂತೆ. ಹೊರಗೆ ತಮಿಳು, ಮನೆಯೊಳಗೆ ಇನ್ನೂ ಕನ್ನಡ. "ನೀವೇ ಏನಮ್ಮಾ ನನ್ನ ಕೂಗಿದ್ದು?" ಎಂದೆ. "ನಾನಾ? ನಾನು ದ್ರಾಕ್ಸಿ ತೋಟದಾಗ ಮದ್ದು ಒಡೀತಿದ್ದೆ. ನೀರಿನ ಸದ್ದು ಕೇಳಿ ಓಡಿ ಬಂದೆ" ಎಂದಳು. ತೋಟದಲ್ಲಿ ಬೇರೆ ಹೆಂಗಸರು ಇದ್ದಾರೆಯೇ ಎಂದೆ. ಇವತ್ತು ತಾನೊಬ್ಬಳೇ ಎಂದಳು. ತನ್ನ ಚಪ್ಪಲಿ ನನಗೆ ಕೊಟ್ಟು, ತಾನು ಬರಿಗಾಲಲ್ಲಿ ನಡೆದು, ಹತ್ತಿರ ಹತ್ತಿರ ಎರಡು ಮೈಲಿ ದೂರದ ತನ್ನ ಮನೆಗೆ ನನ್ನನ್ನು ಕರೆದೊಯ್ದಳು.

ಮನೆಯ ಜಗಲಿಯಲ್ಲಿ ಹಗ್ಗದ ಮಂಚ. ಅದರ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಮುದುಕಿ ನಮ್ಮ ಹೆಜ್ಜೆ ಸದ್ದಿಗೆ, "ಈಸ್ವರೀ, ಯಾರು ಅದು? ಇತ್ತ ಕರ್ಕೊಂಡು ಬಾ" ಎಂದಳು.

ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಅದೇ ಸೀಳು, ಅದೇ ಎಳೆದ "ಬಾ". ದಿನಕ್ಕೆ ನೂರಾರು ದನಿ ಕೇಳಿ, ಹೆಸರು ಹೇಳುವ ಮೊದಲೇ ಇಂಥವರೆಂದು ಗುರುತಿಸುತ್ತಿದ್ದ ಕಿವಿ ನನ್ನದು. ಅದೊಂದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಮುದುಕಿ ಈಶ್ವರಿಯ ಅತ್ತೆ, ಕೆಂಚಮ್ಮ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಯಾರಾದರೂ ಎತ್ತಿ ಕೂರಿಸದೆ ಕೂರುವಂತಿರಲಿಲ್ಲ. ಹಗಲು ಅವಳನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಹೆಂಗಸು ಈಶ್ವರಿಯನ್ನು ಕಂಡ ಕೂಡಲೇ ದೂರು ಶುರುಮಾಡಿದಳು. "ನಿಮ್ಮತ್ತೆ ಇವತ್ತು ಏನು ಕೂಗು ಕೂಗ್ತು ಅಂತೀಯ! ಪಳ್ಳಿಕೂಡದ ಊಟದ ಗಂಟೆ ಆಗಿ ಸ್ವಲ್ಪ ಒತ್ತಿಗೆ, ಎದ್ದು ಬಾ ಅಂತು, ನೀರು ಅಂತು. ತಂದು ಕೊಟ್ರೆ ಚೊಂಬು ತಳ್ಳಿಬಿಡ್ತು."

ಅವರ ಊರಿನ ಶಾಲೆಯ ಊಟದ ಗಂಟೆ ಹನ್ನೆರಡೂವರೆಗೆ. ಅದನ್ನು ನಾನು ಕೇಳಿ ತಿಳಿದುಕೊಂಡೆ.

ಆ ದಿನ ಅವರು ನನ್ನನ್ನು ಹೋಗಗೊಡಲಿಲ್ಲ. ಸಂಜೆ ಕೆಂಚಮ್ಮನ ಮಂಚದ ಪಕ್ಕದಲ್ಲಿ ಕೂತೆ. ನಾನು ಒಬ್ಬಳೇ ಊರು ನೋಡಲು ಬಂದವಳು ಎಂದು ಈಶ್ವರಿ ಹೇಳಿದಾಗ ಮುದುಕಿ ತಲೆ ತಿರುಗಿಸಿ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು.

"ತೊಣೆಗೆ, ಜೊತೆಗೆ ಯಾರೂ ಇಲ್ವಾ?"

"ಇಲ್ಲ ಅಜ್ಜಿ."

"ಸರಿಯಾಗಿ ಅದೆ" ಎಂದಳು. ನಾನು ಹೊರಟಂದಿನಿಂದ ನನಗೆ ಹಾಗೆ ಹೇಳಿದವರು ಅವಳೊಬ್ಬಳೇ.

ಆಮೇಲೆ ಅವಳ ಕಥೆ ಬಂತು, ಅರ್ಧ ಅವಳ ಬಾಯಿಂದ, ಅರ್ಧ ಈಶ್ವರಿಯ ಬಾಯಿಂದ. ಇಪ್ಪತ್ತೆರಡಕ್ಕೆ ಗಂಡ ಸತ್ತ. ಸಂಕ್ರಾಂತಿಯ ನಂತರ ತೈ ತಿಂಗಳಲ್ಲಿ ಊರಿನ ಗುಂಪು ಪಳನಿಗೆ ನಡೆದುಕೊಂಡು ಹೋಗುವಾಗ ವಿಧವೆಯನ್ನು ಸೇರಿಸಿಕೊಳ್ಳಲು ಹಿಂದೆ ಮುಂದೆ ನೋಡಿದರು. ಕೆಂಚಮ್ಮ ಮಗುವನ್ನು ತಾಯಿಯ ಹತ್ತಿರ ಬಿಟ್ಟು, ಗುಂಪು ಹೋದ ಮಾರನೆಯ ದಿನ ಒಬ್ಬಳೇ ಹೊರಟಳು. ಆಮೇಲೆ ಮೂವತ್ತು ವರ್ಷ, ಗುಂಪಿನವರೇ ಬಾ ಎಂದು ಕರೆದರೂ, ಒಬ್ಬಳೇ ಹೋದಳು.

"ಊರೆಲ್ಲಾ ಕೇಳ್ತು, ತೊಣೆ ಯಾರು, ತೊಣೆ ಯಾರು ಅಂತ. ಎರಡು ಕಾಲು ಅದೆಯಲ್ಲ ಅಂದೆ."

"ಭಯ ಆಗ್ತಿರ್ಲಿಲ್ವಾ ಅಜ್ಜಿ?"

"ಆಗ್ತಿತ್ತು. ಅದೂ ನನ್ನ ಕೂಡ ನಡ್ಕೊಂಡು ಬತ್ತಿತ್ತು. ಬತ್ಲಗುಂಡು ದಾಟೋಗಂಟ ಅಳ್ತಿದ್ದೆ. ಅಲ್ಲಿಂದ ಆಚೆ ಪಾಡ್ಕೊಂಡು ಓಗ್ತಿದ್ದೆ."

ಹಾಡುವುದನ್ನು ಅವಳು ಪಾಡುವುದು ಎಂದಳು. ಕಾಲಿನ ಮಾತು ಆಡುವಾಗ ಅವಳ ಬಲಗೈ ಅಲ್ಲಾಡದ ಎಡತೊಡೆಯ ಮೇಲಿತ್ತು. ಆ ಮುಖದಲ್ಲಿ ಮರುಕಪಡುವಂಥದ್ದು ಏನೂ ಇರಲಿಲ್ಲ. ಲಾಡ್ಜಿನಲ್ಲಿ ರೂಮು ಕೊಡಲು ಸತಾಯಿಸಿದರೆಂದು ಅತ್ತ ನನಗೆ, ಲಾಡ್ಜೂ ಇಲ್ಲದ ದಾರಿಯಲ್ಲಿ ಮರದ ಬುಡದಲ್ಲಿ, ಅಪರಿಚಿತರ ಹಟ್ಟಿಯ ಪಕ್ಕದಲ್ಲಿ ಮಲಗೆದ್ದು ಹೋಗಿ ಬಂದ ಈ ಹೆಂಗಸಿನ ಮುಂದೆ ಕೂತಿರುವುದೇ ಒಂದು ಭಾಗ್ಯ ಅನ್ನಿಸಿತು. ಅಷ್ಟು ಧೈರ್ಯದವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಕೊನೆಗೆ ಕೇಳಿಯೇ ಬಿಟ್ಟೆ. "ಅಜ್ಜಿ, ಮಧ್ಯಾಹ್ನ ನೀವು ಯಾರನ್ನ ಕೂಗಿದ್ರಿ?"

ಅವಳು, "ಅಳ್ಳದಾಗಿನ ಆ ಚಪ್ಪಟೆ ಕಲ್ಲು ಇನ್ನೂ ಅದೆಯಾ?" ಎಂದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು.

ನಾನು ಬಂಡೆಯ ಮೇಲೆ ಕೂತಿದ್ದೆ ಎಂದು ಈಶ್ವರಿಗೆ ಹೇಳಿದ್ದೆ. ಅದು ಮುದುಕಿಯ ಕಿವಿಗೆ ಬಿದ್ದಿರಬಹುದು. ಇದನ್ನು ನಾನು ಮುಚ್ಚಿಡುವುದಿಲ್ಲ.

ಮಾರನೆಯ ದಿನ ದಿಂಡಿಗಲ್ಲಿಗೆ ಬಂದೆ. ಅಲ್ಲಿಂದ ಬೆಂಗಳೂರಿನ ಬಸ್ಸು ಹಿಡಿಯಬೇಕಿತ್ತು. ಪಳನಿಯ ಬಸ್ಸು ಹತ್ತಿದೆ. ರಜೆ ಮುಗಿಯುವವರೆಗೆ ಊರಿಗೆ ಹೋಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಎಲ್ಲೆಲ್ಲಿಗೋ ಒಬ್ಬಳೇ ಹೋದೆ. ಈಗಲೂ ಮೊದಲ ರಾತ್ರಿ ಅಳು ಬರುತ್ತದೆ. ಎರಡನೆಯ ದಿನದ ಹೊತ್ತಿಗೆ ಅದು ಎಲ್ಲೋ ಇಳಿದು ಹೋಗಿರುತ್ತದೆ.

ಅಕ್ಕನಿಗೆ ಎಲ್ಲಾ ಹೇಳಿದೆ. ಅವಳು ವಿಜ್ಞಾನದ ಟೀಚರು. "ದನ ಕಾಯೋಳು ಯಾರೋ ಕೂಗಿರ್ತಾಳೆ, ಬೆಟ್ಟಕ್ಕೆ ದನಿ ಬಡಿದು ಹತ್ತಿರ ಕೇಳ್ಸುತ್ತೆ. ಒಂದೇ ಊರಿನ ಹೆಂಗಸರ ದನಿ ಒಂದೇ ಥರ ಇರುತ್ತೆ. ಮುದುಕಿಗೆ ಬಾಯಾರಿತ್ತು, ಅಷ್ಟೇ" ಎಂದಳು. ಒಂದೊಂದಾಗಿ ಎಲ್ಲವನ್ನೂ ಒಪ್ಪಿದೆ. ಬೇರೆ ಯಾರಾದರೂ ನನಗೆ ಈ ಕಥೆ ಹೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಒಪ್ಪಿದ ಮೇಲೂ ಆ ದನಿ ಮಾತ್ರ ನನ್ನ ಕಿವಿಯಲ್ಲಿ ಬದಲಾಗಲಿಲ್ಲ.

ಅಕ್ಕನಿಗೆ ಒಂದನ್ನು ಹೇಳಿರಲಿಲ್ಲ. ಹೊರಡುವ ಬೆಳಿಗ್ಗೆ ಕೆಂಚಮ್ಮನ ಕಾಲು ಮುಟ್ಟಿ ಎದ್ದಾಗ ಅವಳು ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಿಡಿತ ಗಟ್ಟಿಯಾಗಿತ್ತು.

"ಇನ್ನು ನೀನೇ ಕಿವಿ ಕೊಟ್ಟು ಕೇಳ್ಕೋ" ಎಂದಳು. "ನಾನು ಎಷ್ಟು ದಿವ್ಸ ಅಂತ ಕೂಗ್ಲಿ?"

ಒಳಗಿನಿಂದ ಕಾಫಿ ತರುತ್ತಿದ್ದ ಈಶ್ವರಿ ನಕ್ಕುಬಿಟ್ಟಳು. "ರಾತ್ರಿ ಎರಡು ಸಲ ಕರೆದ್ರೂ ನಾನು ಎದ್ದೇಳ್ಲಿಲ್ಲಕ್ಕಾ. ಅದಕ್ಕೆ ನನ್ನ ಬೈತಾ ಅದೆ."

ಇರಬಹುದು. ಆದರೆ ಅವಳು ಹಿಡಿದುಕೊಂಡಿದ್ದದ್ದು ನನ್ನ ಕೈಯನ್ನು.