ಹುಳಕ್ಕೆ ಬಂದ ಜ್ವರ

ಆ ದಿನ ನಾನು ಉಟ್ಟಿದ್ದು ಹಸಿರು ಸೀರೆ ಎಂದು ನನ್ನ ನೆನಪು. ಪತ್ರಿಕೆಯಲ್ಲಿ ಬಂದ ಫೋಟೊ ಕಪ್ಪು ಬಿಳುಪಿನದು. ಅದು ನನ್ನ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ, ವಿರುದ್ಧವಾಗಿಯೂ ಹೇಳುವುದಿಲ್ಲ. ಮುಂದೆ ಬರೆಯುವ ವಿವರಗಳಲ್ಲೂ ಒಂದೆರಡು ಹೀಗೆಯೇ ಬಣ್ಣ ಬದಲಿಸಿರಬಹುದು. ಡೈರಿ ತೆಗೆದರೆ ಆ ಪುಟದಲ್ಲಿ ಎರಡೇ ಪದ: 'ಸಂದರ್ಶನ ಚೆನ್ನಾಯಿತು.' ತಪ್ಪದೆ ಡೈರಿ ಬರೆಯುವವಳು ಎಂಬ ನನ್ನ ಹೆಮ್ಮೆಯನ್ನು ಇಳಿಸಲು ಅವೆರಡು ಸಾಕು.

ಆಗ ನಾನು ರಾಮನಗರದ ಹತ್ತಿರ ರೇಷ್ಮೆ ಸಂಶೋಧನೆಯ ಕೆಲಸದಲ್ಲಿದ್ದೆ. ವಿಜ್ಞಾನಿಗಳು ಪತ್ರಕರ್ತರೊಂದಿಗೆ ಮಾತಾಡಿ ತಮ್ಮ ಸಂಶೋಧನೆಯನ್ನು ಜನರಿಗೆ ಮುಟ್ಟಿಸಬೇಕು ಎಂದು ಮೇಲಿನಿಂದ ಸುತ್ತೋಲೆ ಬಂತು. ನಮ್ಮ ಹಿರಿಯರು ಅದನ್ನು ಗೌರವದಿಂದ ಓದಿ, ಸಹಿ ಹಾಕಿ, ಎಲ್ಲರಿಗಿಂತ ಕಿರಿಯಳಾದ ನನ್ನ ಮೇಜಿನ ಮೇಲಿಟ್ಟರು.

ನನ್ನ ಸಂಶೋಧನೆ ದೊಡ್ಡದೇನಲ್ಲ. ರೇಷ್ಮೆ ಹುಳ ತನ್ನ ಪುಟ್ಟ ಬಾಳಿನಲ್ಲಿ ನಾಲ್ಕು ಸಲ ಚರ್ಮ ಕಳಚುತ್ತದೆ. ಆ ಹೊತ್ತಿನಲ್ಲಿ ಹಿಪ್ಪುನೇರಳೆ ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು, ಅಲ್ಲಾಡದೆ ಕೂತಿರುತ್ತದೆ. ಪಠ್ಯಪುಸ್ತಕ ಇದಕ್ಕೆ 'ನಿರ್ಮೋಚನ' ಎನ್ನುತ್ತದೆ, ನಮ್ಮ ಕಡೆಯ ರೈತರು 'ಜ್ವರ' ಎನ್ನುತ್ತಾರೆ. ಊಟ ಬಿಟ್ಟು ಮಂಕಾಗಿ ಕೂತ ಮಗುವನ್ನೂ ಸಾಕುವ ತಟ್ಟೆಯ ಹುಳವನ್ನೂ ಒಂದೇ ದಿನ ನೋಡಿದ ಯಾರೋ ತಾಯಿ ಇಟ್ಟ ಹೆಸರಿರಬೇಕು. ಇದು ನನ್ನ ಊಹೆ, ಸಂಶೋಧನೆಯಲ್ಲ. ಬಲಿತು ಗೂಡು ಕಟ್ಟಲು ಸಿದ್ಧವಾದ ಹುಳಕ್ಕೆ 'ಹಣ್ಣಾಯ್ತು' ಎನ್ನುತ್ತಾರೆ. ನಾಲ್ಕು ಜ್ವರ ದಾಟಿ ಹಣ್ಣಾಗುವುದು! ಇಷ್ಟು ಚೆಂದದ ಮಾತಿರುವಾಗ ನಿರ್ಮೋಚನ ಯಾರಿಗೆ ಬೇಕು? ನಾನು ಹೇಳಬೇಕಾಗಿದ್ದುದು ಒಂದೇ ವಾಕ್ಯ: ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬೇಡಿ, ಎಲ್ಲವೂ ಚರ್ಮ ಕಳಚಿ ಜ್ವರದಿಂದ ಎದ್ದ ಮೇಲೆ ಒಟ್ಟಿಗೆ ಹಾಕಿ, ಆಗ ಸಮನಾಗಿ ಬೆಳೆಯುತ್ತವೆ.

ಬಂದ ಪತ್ರಕರ್ತ ಕರಾವಳಿಯ ಹುಡುಗ, ಈ ಕಡೆಗೆ ಹೊಸಬ. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, ನಡುವೆ ಪೆನ್ನೆತ್ತಿ, "ಹುಳಕ್ಕೂ ಜ್ವರ ಬರ್ತದಾ ಮೇಡಂ?" ಎಂದ.

"ನಾಲ್ಕು ಸಲ ಬರುತ್ತೆ. ಪಾಪ, ನಮಗಿಂತ ಹೆಚ್ಚು!" ಎಂದೆ.

ಇಬ್ಬರೂ ನಕ್ಕೆವು. ನಕ್ಕ ಮೇಲೆ ಜ್ವರವೆಂದರೆ ಏನೆಂದು ವಿವರಿಸಿದೆನೇ? ವಿವರಿಸಿದೆ ಎಂದು ಎಷ್ಟೋ ವರ್ಷ ನಂಬಿದ್ದೆ. ಈಗ ನೆನಪಿನಲ್ಲಿ ಸ್ಪಷ್ಟವಾಗಿ ಕೇಳಿಸುವುದು ಆ ನಗು ಮಾತ್ರ. ಹೊರಡುವಾಗ ಅವನು, "ಬರೆದದ್ದನ್ನು ಫೋನಿನಲ್ಲಿ ಒಮ್ಮೆ ಓದಿ ಹೇಳಲಾ?" ಎಂದು ಕೇಳಿದ. ನನಗೆ ಚನ್ನಪಟ್ಟಣದ ಬಸ್ಸಿನ ಅವಸರ. "ಬೇಡ, ನಿಮ್ಮ ಮೇಲೆ ನಂಬಿಕೆಯಿದೆ" ಎಂದೆ. ಸೋಮಾರಿತನಕ್ಕೆ ನಂಬಿಕೆಯ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಲೇಖನ ಬಂತು, ಫೋಟೊ ಬಂತು. ಮೊದಲು ನೋಡಿದ್ದು ಫೋಟೊ. ಎರಡನೆಯ ಸಲ ನೋಡಿದ್ದೂ ಅದನ್ನೇ. ಲೇಖನದ ಕೊನೆಯಲ್ಲಿ ಹೀಗಿತ್ತು: 'ರೋಗ ಬಂದ ಹುಳಗಳಿಗೆ ಸೊಪ್ಪು ಹಾಕಬಾರದು ಎಂದು ಅವರು ತಿಳಿಸಿದರು.' ಜ್ವರ ಎಂದರೆ ಓದುಗರಿಗೆ ತಿಳಿಯಲಿಕ್ಕಿಲ್ಲ ಎಂದು ಆ ಒಳ್ಳೆಯ ಹುಡುಗ ಅದನ್ನು ತಿಳಿಗನ್ನಡಕ್ಕೆ ತಂದಿದ್ದ. ಫೋನ್ ಮಾಡಿದೆ. ಪಾಪ, ತುಂಬಾ ನೊಂದುಕೊಂಡ. ವಾರದ ಮೇಲೆ ಒಂದು ಮೂಲೆಯಲ್ಲಿ ತಿದ್ದುಪಡಿ ಬಂತು: 'ರೋಗ ಎಂಬಲ್ಲಿ ಜ್ವರ ಎಂದು ಓದಿಕೊಳ್ಳುವುದು.' ಅದಕ್ಕೆ ಫೋಟೊ ಇರಲಿಲ್ಲ.

ಆ ವಾರದೊಳಗೆ ಆಗಬೇಕಾದದ್ದು ಆಗಿಹೋಗಿತ್ತು. ವಿರೂಪಾಕ್ಷಿಪುರದ ಹತ್ತಿರ ನನ್ನ ಸೋದರತ್ತೆ, ಅಪ್ಪನ ಅಕ್ಕ, ಹುಳ ಸಾಕುತ್ತಿದ್ದಳು. ನಾನು ಓಡಿಹೋದಾಗ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದಳು.

"ಬಾರವ್ವ ಪೇಪರಮ್ಮ. ಫೋಟೊ ಒಸಿ ಕಪ್ಗೆ ಬಂದೈತೆ ಕಣೆ."

"ಅತ್ತೆ, ಹುಳ ಎಲ್ಲಿ?"

"ನಾಕ್ನೇ ಜ್ವರ ಎದ್ದಿದ್ವು. ಒಂದು ಹಿಡಿ ಹುಳ ಸಪ್ಪಗಿದ್ವು. ನೀನ್ ಯೋಳಿದ್ದೀಯಲ್ಲ ಅಂತ ಎಲ್ಲಾಕ್ಕೂ ಒಂದು ದಿನ ಸೊಪ್ಪು ನಿಲ್ಲಿಸ್ಬುಟ್ಟೆ."

ನಾಲ್ಕನೇ ಜ್ವರ ಎದ್ದ ಹುಳದ ಹಸಿವು ನೋಡಿದವರಿಗೇ ಗೊತ್ತು; ಸೊಪ್ಪು ಮೇಯುವ ಸದ್ದು ಬಾಗಿಲಾಚೆಗೂ ಕೇಳುತ್ತದೆ. ಅಂಥ ಹೊತ್ತಿನಲ್ಲಿ ಉಪವಾಸ; ಎಷ್ಟೋ ಹುಳ ಸತ್ತಿದ್ದವು. ಉಳಿದ ಹುಳ ಆಮೇಲೆ ಕಟ್ಟಿದ ಗೂಡು ಈರುಳ್ಳಿ ಸಿಪ್ಪೆಯಂತೆ ತೆಳ್ಳಗಿತ್ತು. ರಾಮನಗರದ ಮಾರುಕಟ್ಟೆಯಲ್ಲಿ ನೂಲು ತೆಗೆಯುವವನೊಬ್ಬ ಒಂದು ಗೂಡು ಹಿಡಿದು, ಒತ್ತಿ ನೋಡಿ, ಮಾತಾಡದೆ ಮುಂದಿನವರ ರಾಶಿಗೆ ಹೋದನಂತೆ. "ಬೈದಿದ್ರೂ ಆಗಿತ್ತು ಕಣವ್ವ" ಎಂದಳು ಅತ್ತೆ. ನನ್ನನ್ನು ಮಾತ್ರ ಬೈಯಲಿಲ್ಲ.

ಆಮೇಲೆ ನಾನು ಪತ್ರಕರ್ತರನ್ನು ಕಚೇರಿಯಲ್ಲಿ ಕೂರಿಸಿ ಮಾತಾಡುವುದು ಬಿಟ್ಟೆ. ಮೊದಲು ಹುಳದ ಮನೆಗೆ ಕರೆದುಕೊಂಡು ಹೋಗಿ ಜ್ವರಕ್ಕೆ ಕೂತ ತಟ್ಟೆ ತೋರಿಸುತ್ತೇನೆ. ಅವರ ಬರಹವನ್ನು ತಿದ್ದಲು ಕೇಳುವುದಿಲ್ಲ, ಅದು ಅವರದು. ಆದರೆ, "ಈಗ ನಿಮಗೆ ತಿಳಿದದ್ದನ್ನು ನನಗೇ ಹೇಳಿ" ಎನ್ನುತ್ತೇನೆ. ಕೆಲವರಿಗೆ ಇದು ಪರೀಕ್ಷೆಯೆನಿಸಿ ಮುಖ ಸಣ್ಣದಾಗುತ್ತದೆ. ನಿಜಕ್ಕೂ ಪರೀಕ್ಷೆ ನನ್ನದು: ಅವರು ತಪ್ಪು ಹೇಳಿದರೆ ಫೇಲಾದವಳು ನಾನೇ. ಬರೆದದ್ದನ್ನು ಓದಿ ಹೇಳಲು ಫೋನ್ ಬಂದರೆ ಬಸ್ಸು ತಪ್ಪಿದರೂ ಕೇಳುತ್ತೇನೆ. ಫೋಟೊಗೆ ಈಗಲೂ ಒಳ್ಳೆಯ ಸೀರೆಯನ್ನೇ ಉಡುತ್ತೇನೆ. ಎಲ್ಲವನ್ನೂ ಒಟ್ಟಿಗೆ ತಿದ್ದಿಕೊಳ್ಳಲಾಗುವುದಿಲ್ಲ.

ಆದರೂ ಒಂದು ಅನುಮಾನ ಹೋಗಿಲ್ಲ. ನಾನು ಹುಟ್ಟುವ ಮೊದಲಿನಿಂದ ಹುಳ ಸಾಕಿದವಳು ಅತ್ತೆ. ಸಪ್ಪಗಾದ ಹುಳವನ್ನು ಆರಿಸಿ ತೆಗೆದು ಮಿಕ್ಕವಕ್ಕೆ ಸೊಪ್ಪು ಹಾಕಬೇಕೆಂದು ಅವಳಿಗೆ ನಾನು ಕಲಿಸಬೇಕಾಗಿರಲಿಲ್ಲ. ಮೊನ್ನೆ ಹೋದಾಗ ಧೈರ್ಯ ಮಾಡಿ ಕೇಳಿದೆ.

"ಅತ್ತೆ, ಪೇಪರಲ್ಲಿ ಬಂದಿದ್ದು ತಪ್ಪು ಅಂತ ನಿಂಗೆ ಅವತ್ತೇ ಗೊತ್ತಿತ್ತು, ಅಲ್ವಾ? ಗೊತ್ತಿದ್ದೂ ಯಾಕೆ ಸೊಪ್ಪು ನಿಲ್ಲಿಸಿದೆ?"

ಅತ್ತೆ ಹುಳದ ಮನೆಯ ಬಾಗಿಲಿನಿಂದ ತಟ್ಟೆಗಳತ್ತ ಬಾಗಿ ನೋಡಿದಳು. "ತಾಳವ್ವ, ಜ್ವರ ಎದ್ದವೆ, ಸೊಪ್ಪು ಹಾಕ್ಬುಟ್ಟು ಬತ್ತೀನಿ" ಎಂದು ಒಳಗೆ ಹೋದಳು.