ಬೇಲಿ ದಾಟಿ ಬರುವ ಓಡೆಲ್ ಪ್ರೂಟ್

ಇನ್ನೂ ಮಬ್ಬುಗತ್ತಲು. ಸೈನ್ಯದ ವಸತಿಯಾದ ದಂಡಿನ ಗೇಟಿನಲ್ಲಿ ಕಾವಲಿನವನು ಓಡೆಲ್ ಪ್ರೂಟ್ ಅವರ ಹಳೆಯ ಕಾರಿನ ಡಿಕ್ಕಿ ತೆಗೆಸಿ ನೋಡುತ್ತಾನೆ. ಪರಿಚಯದ ಮುಖವೇ, ಆದರೂ ಪ್ರತಿ ಸಲ ತೆಗೆಸುತ್ತಾನೆ. ಇಂದು ಅದರೊಳಗೆ ಒಂದು ರೆಡ್‌ಬಡ್ ಹೂಮರದ ಸಸಿ, ಒಂದು ಸಲಿಕೆ, ಬೇಯಿಸಿದ ಕಡಲೆಕಾಯಿಯ ಪೊಟ್ಟಣ.

“ಇದನ್ನ ತಪಾಸಣೆ ಮಾಡ್ಬೇಕಾಗುತ್ತೆ ಸರ್,” ಎಂದು ಅವನು ಒಂದು ಹಿಡಿ ಕಡಲೆಕಾಯಿ ಎತ್ತಿಕೊಳ್ಳುತ್ತಾನೆ.

ಪ್ರೂಟ್ ಸೈನಿಕರಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಮಕ್ಕಳ ನ್ಯಾಯಾಲಯದ ನೌಕರರು. ತಪ್ಪು ಮಾಡಿದ ಮಕ್ಕಳನ್ನು ನ್ಯಾಯಾಧೀಶರಿಗಿಂತ ಮೊದಲು ಕಂಡು ಮಾತಾಡಿಸುವುದು ಅವರ ಕೆಲಸ. ಕೆಲವು ವರ್ಷಗಳ ಹಿಂದಿನವರೆಗೆ ಈ ಬೇಲಿಯೊಳಗೆ ಅವರಿಗೆ ಕೆಲಸವಿರಲಿಲ್ಲ. ನೆಲ ಕೇಂದ್ರ ಸರ್ಕಾರದ್ದು, ಕಾನೂನೂ ಅದರದ್ದೇ. ಆದರೆ ಕೇಂದ್ರದ ನ್ಯಾಯಾಲಯದಲ್ಲಿ ಮಕ್ಕಳಿಗೆಂದೇ ನ್ಯಾಯಾಧೀಶರಿಲ್ಲ. ಮಗ ಗಾಜು ಒಡೆದರೆ ದೂರು ಅಪ್ಪನ ಮೇಲಧಿಕಾರಿಯ ಮೇಜಿಗೆ ಹೋಗುತ್ತಿತ್ತು. ಅಪ್ಪನಿಗೆ ಬೈಗುಳ, ತಪ್ಪು ದೊಡ್ಡದಾದರೆ ಇಡೀ ಸಂಸಾರ ದಂಡು ಕೊಟ್ಟ ಮನೆ ಖಾಲಿ ಮಾಡಬೇಕು. ಮಗುವನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಈಗ ಮಕ್ಕಳ ವಿಷಯದಲ್ಲಿ ರಾಜ್ಯ, ಕೇಂದ್ರ ಎರಡಕ್ಕೂ ಅಧಿಕಾರವಿದೆ. ಕೇಂದ್ರದ ವಕೀಲರು ಬಿಟ್ಟುಕೊಟ್ಟರೆ ಪ್ರಕರಣ ಕೌಂಟಿಗೆ ಬರುತ್ತದೆ. ಬಿಟ್ಟುಕೊಡಿ ಎಂದು ಅವರ ಬೆನ್ನು ಹತ್ತುವವರು ಪ್ರೂಟ್.

“ಬೇಲಿ ಒಳಗೆ ನಾನು ಹೊರಗಿನೋನು. ಹೊರಗೆ ನಮ್ಮ ಆಫೀಸಲ್ಲಿ ‘ಕರ್ನಲ್ ಸಾಹೇಬ್ರು ಬಂದ್ರು’ ಅಂತ ರೇಗಿಸ್ತಾರೆ. ಯಾರೂ ಸಲ್ಯೂಟ್ ಮಾತ್ರ ಹೊಡೆಯಲ್ಲ,” ಎನ್ನುತ್ತಾರೆ ಅವರು.

ಇಂದಿನ ಪ್ರಕರಣ ಹದಿನೈದರ ಹುಡುಗಿಯದು. ಪ್ರೂಟ್ ಜೊತೆ ಬಂದು ಇದನ್ನು ಬರೆಯುತ್ತಿರುವ ನಾನು ಅವಳ ಹೆಸರು ಹೇಳುವಂತಿಲ್ಲ. ತೋಟದ ಕೆಲಸದವರ ಗಾಡಿ ಕದ್ದು ಓಡಿಸಿ, ಯುದ್ಧದಲ್ಲಿ ಸತ್ತವರ ಹೆಸರಿನಲ್ಲಿ ನೆಟ್ಟ ಗಿಡಗಳ ಸಾಲಿಗೆ ನುಗ್ಗಿಸಿದ್ದಾಳೆ. ಮುರಿದದ್ದು ನಿವೃತ್ತ ಸಾರ್ಜೆಂಟ್ ಥಡಿಯಸ್ ಗ್ರೀರ್ ಅವರ ಮಗನ ಗಿಡ. ನನ್ನ ಗಂಡನದು ಅದೇ ಸಾಲಿನಲ್ಲಿ, ಸ್ವಲ್ಪ ಆಚೆಗಿದೆ.

ಹುಡುಗಿಯ ಅಪ್ಪ ಕೊರಿಯಾದಲ್ಲಿ ಕರ್ತವ್ಯದಲ್ಲಿದ್ದಾರೆ. ಇಲ್ಲಿ ತಾಯಿ, ಇಬ್ಬರು ತಂಗಿಯರು. ಅವರ ಮನೆ ಖಾಲಿ ಮಾಡಿಸುವ ಆಜ್ಞೆಯನ್ನು ದಂಡಿನ ಕಮಾಂಡರ್ ಕೌಂಟಿಯ ತೀರ್ಮಾನದವರೆಗೆ ತಡೆದಿದ್ದಾರೆ. ನಾಳೆ ವಿಚಾರಣೆ. ನೊಂದವರು ಒಪ್ಪದೆ ಪ್ರೂಟ್ ಯಾವ ಮಗುವಿನ ಪರವಾಗಿಯೂ ರಾಜಿ ಕೇಳುವುದಿಲ್ಲ. ಹಾಗಾಗಿ ಗ್ರೀರ್ ಒಪ್ಪಬೇಕು.

ಗಿಡಗಳ ಸಾಲಿನಲ್ಲಿ ಹುಡುಗಿ ಗ್ರೀರ್ ಎದುರು ಹಿಮ್ಮಡಿ ಜೋಡಿಸಿ ನಿಲ್ಲುತ್ತಾಳೆ. “ಸಾರ್ಜೆಂಟ್, ನಮ್ಮ ತಂದೆ ಸ್ಟಾಫ್ ಸಾರ್ಜೆಂಟ್ ಅವರ ಪರವಾಗಿ ಕ್ಷಮೆ ಕೇಳ್ತೀನಿ.” ದಂಡಿನ ಮಕ್ಕಳು ಕ್ಷಮೆ ಕೇಳುವುದೇ ಹೀಗೆ, ಅಪ್ಪನ ಹುದ್ದೆಯನ್ನು ಮುಂದಿಟ್ಟು.

“ನಿಮ್ಮಪ್ಪ ಓಡಿಸಿದ್ನಾ ಗಾಡಿ?” ಗ್ರೀರ್ ಕೇಳುತ್ತಾರೆ.

“ಇಲ್ಲ ಸರ್.”

“ಮತ್ತೆ ಅವನನ್ನ ಯಾಕೆ ಎಳ್ಕೊಂಡು ಬಂದೆ?”

ಅವರು ತಮ್ಮ ಕಾರಿನತ್ತ ಹೊರಟೇಬಿಡುತ್ತಾರೆ. ಪ್ರೂಟ್ ತಡೆಯುವುದಿಲ್ಲ. ಹುಡುಗಿಗೆ ಹೇಳಿಕೊಡುವುದೂ ಇಲ್ಲ; ಕಡಲೆಕಾಯಿ ಸುಲಿಯುತ್ತ ನಿಂತಿರುತ್ತಾರೆ. ಅಷ್ಟರಲ್ಲಿ ಬೆಳಗಿನ ಕಹಳೆ. ಧ್ವಜ ಏರುವಾಗ ದಂಡಿನಲ್ಲಿ ಯಾರೂ ಹೆಜ್ಜೆ ಕಿತ್ತಿಡುವಂತಿಲ್ಲ. ರಸ್ತೆಯ ವಾಹನಗಳು ನಿಲ್ಲುತ್ತವೆ. ಗ್ರೀರ್ ಕೂಡ, ಕಾರಿನ ಬಾಗಿಲ ಬಳಿ. ಪ್ರೂಟ್ ಟೋಪಿ ತೆಗೆದು ಎದೆಗಿಟ್ಟುಕೊಳ್ಳುತ್ತಾರೆ.

ಕಹಳೆ ನಿಂತ ಮೇಲೆ ಹುಡುಗಿ ಹೇಳುತ್ತಾಳೆ, ಈ ಸಲ ಭುಜ ಇಳಿಬಿಟ್ಟು: “ನಾನೇ ಮುರಿದಿದ್ದು. ತಮಾಷೆಗೆ ಗಾಡಿ ತಗೊಂಡೆ, ನಿಲ್ಸೋಕೆ ಬರ್ಲಿಲ್ಲ. ಗಿಡದ ಬುಡದಲ್ಲಿರೋ ಕಲ್ಲಿನ ಮೇಲೆ ಹೆಸರಿದೆ ಅಂತ ಆವತ್ತು ನೋಡ್ಲಿಲ್ಲ. ಆಮೇಲೆ ಬಂದು ಓದ್ದೆ. ಡೆಸ್ಮಂಡ್.”

ಗ್ರೀರ್ ಕಾರಿನ ಬೀಗದ ಕೈಯನ್ನು ಮತ್ತೆ ಜೇಬಿಗೆ ಹಾಕುತ್ತಾರೆ. ಆಮೇಲೆ ಹಿಂತಿರುಗಿ ಬಂದು, ಸಲಿಕೆ ಎತ್ತಿ ಅವಳ ಕೈಗೆ ಕೊಡುತ್ತಾರೆ.

“ಆಳವಾಗಿ ತೋಡು. ಅವ್ನು ಉದ್ದ ಇದ್ದ.”

ರಾಜಿಗೆ ಒಪ್ಪಿಗೆಯೆಂದು ನಾಳೆ ನ್ಯಾಯಾಧೀಶರ ಮುಂದೆ ತಾವೇ ಬಂದು ಹೇಳುವುದಾಗಿ ಪ್ರೂಟ್‌ಗೆ ಅವರು ತಿಳಿಸುತ್ತಾರೆ. ಅಜ್ಜ ಮೊಮ್ಮಗಳಂತೆ ಇಬ್ಬರೂ ಗುಂಡಿಯ ಅಳತೆಗೆ ಜಗಳ ಶುರು ಮಾಡಿದಾಗ ಪ್ರೂಟ್ ದೂರ ಸರಿಯುತ್ತಾರೆ. ಹೀಗೆ ಕಂಡ ಮಕ್ಕಳು ಮುಂದೆ ನಿಮ್ಮನ್ನು ನೆನೆಯುತ್ತಾರೆಯೇ ಎಂದು ಕೇಳುತ್ತೇನೆ.

“ಅಂಗಡೀಲಿ ಎದುರಾದ್ರೆ ಗುರುತೇ ಇಲ್ದೋರ ಥರ ಹೋಗ್ತಾರೆ. ಹೋಗ್ಲಿ ಬಿಡಿ. ನನ್ನ ಮರೆತ್ರೆ ನನ್ನ ಕೆಲಸ ಆಯ್ತು ಅಂತ.” ಕೈಯಲ್ಲಿದ್ದ ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡು ಗುಂಡಿಯತ್ತ ನೋಡುತ್ತಾರೆ. “ಗಿಡಕ್ಕೆ ನೀರು ಹಾಕೋದು ಮರೀದೇ ಇದ್ರೆ ಸಾಕು.”